ಸಲಮಾಂಕಾದ ಕೆಸರು

ಹಳೆಯ ಕದನಗಳನ್ನು ಪುಟ್ಟ ಸಿಪಾಯಿಗಳಿಂದ ಮೇಜಿನ ಮೇಲೆ ಆಡುವ ಬೀಸ್ಟನ್ನಿನ ಕೂಟದಲ್ಲಿ ನಿಯಮಗಳು ಹೆಚ್ಚಿರಲಿಲ್ಲ, ಆದರೆ ಒಂದನ್ನು ಮಾತ್ರ ಯಾರೂ ಮುರಿಯುವಂತಿರಲಿಲ್ಲ. ಬಣ್ಣ ಕಾಣದ ಸಿಪಾಯಿ ಮೇಜು ಹತ್ತಬಾರದು. ಹೆಬ್ಬೆರಳಿನ ಗೆಣ್ಣಿನಷ್ಟು ಎತ್ತರದ ಸೀಸದ ಸಿಪಾಯಿಯೇ ಆದರೂ ಅವನಿಗೆ ಅಂಗಿ ಬೇಕು, ಗುಂಡಿ ಬೇಕು, ಬೂಟು ಬೇಕು, ಕಣ್ಣಂತೂ ಬೇಕೇ ಬೇಕು. ಕಣ್ಣಿನ ಮಾತು ಬಂದರೆ ಎಲ್ಲರೂ ಲೆನ್ ಓಲ್ಡರ್‌ಶಾನ ಬಾಗಿಲು ತಟ್ಟುತ್ತಿದ್ದರು. ನಾಟಿಂಗ್‌ಹ್ಯಾಮಿನಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು ಲೆನ್. ಉಸಿರು ಬಿಗಿಹಿಡಿದು ಎರಡು ಬಿಳಿ ಚುಕ್ಕೆ, ಅದರೊಳಗೆ ಎರಡು ಕಪ್ಪು ಚುಕ್ಕೆ ಇಟ್ಟನೆಂದರೆ ಸೀಸದ ತುಂಡು ತಲೆಯೆತ್ತಿ ನೋಡುತ್ತಿತ್ತು.

ಈ ಜನವರಿಯಿಂದ ಅವನ ಬಲಗೈ ನಡುಗತೊಡಗಿತ್ತು. ಜೀವಕ್ಕೆ ಅಪಾಯವಿಲ್ಲ, ಆದರೆ ನಿಲ್ಲುವಂಥದ್ದೂ ಅಲ್ಲ ಎಂದು ಡಾಕ್ಟರು ಹೇಳಿದ್ದರು. ಕೂಟಕ್ಕೆ ಹೇಳಿಬಿಡು ಎಂದು ಹೆಂಡತಿ ಎನಿಡ್ ನಾಲ್ಕು ಸಲ ಹೇಳಿದಳು. ಅವನು ಹೇಳಲಿಲ್ಲ. ಹೇಳಿದರೆ ಯಾರೂ ಆಡಿಕೊಳ್ಳುವವರಲ್ಲ, ಅದೇ ಅವನ ಕಷ್ಟ. ಕುರ್ಚಿ ಎಳೆದುಕೊಡುತ್ತಾರೆ, ಟೀ ತಂದುಕೊಡುತ್ತಾರೆ, ಆಮೇಲೆ ಮೆಲ್ಲಗೆ ತಮ್ಮ ಸಿಪಾಯಿಗಳನ್ನು ಬೇರೆಯವರ ಮನೆಗೆ ಒಯ್ಯುತ್ತಾರೆ.

ಜೂನ್ ತಿಂಗಳ ಪ್ರದರ್ಶನಕ್ಕೆ ಅವನು ಇಪ್ಪತ್ತನಾಲ್ಕು ಕೆಂಪು ಅಂಗಿಯ ಇಂಗ್ಲಿಷ್ ಸಿಪಾಯಿಗಳನ್ನು ಒಪ್ಪಿಕೊಂಡಿದ್ದ. ಈ ಸಲ ಆಡಲಿದ್ದದ್ದು ಸ್ಪೇನಿನ ಸಲಮಾಂಕಾದ ಕದನ, ಇಂಗ್ಲಿಷರು ಫ್ರೆಂಚರನ್ನು ಸೋಲಿಸಿದ್ದು. ಸಿಪಾಯಿಯನ್ನು ಬಿರಡೆಯ ತಲೆಗೆ ಅಂಟಿಸಿಕೊಂಡು ಲೆನ್ ಕಿಟಕಿಯ ಬೆಳಕಿಗೆ ಕೂತ. ಅಂಗಿಗೆ ಹೇಗೋ ಬಣ್ಣ ಹತ್ತಿತು. ಎದೆಯ ಮೇಲಿನ ಬಿಳಿ ಪಟ್ಟಿಗಳು ಕುಡಿದವನ ನಡಿಗೆಯಂತೆ ಸಾಗಿದವು. ಇನ್ನು ಕಣ್ಣು. ಮೊದಲನೆಯವನಿಗೆ ಮೂರು ಬಂದವು. ಎರಡನೆಯವನದು ಗಲ್ಲಕ್ಕೆ ಇಳಿಯಿತು. ಮೂರನೆಯವನ ಹತ್ತಿರ ಹೋಗುವಷ್ಟರಲ್ಲಿ ಲೆನ್ ಕುಂಚ ಕೆಳಗಿಟ್ಟ.

ಆ ಇಬ್ಬರ ಮುಖ ಮುಚ್ಚಲೆಂದೇ ಪಾತ್ರೆ ತೊಳೆಯುವ ಸ್ಪಂಜಿನ ಒಂದು ಚೂರು ಹರಿದು, ಕಂದು ಬಣ್ಣದಲ್ಲಿ ಅದ್ದಿ ಒತ್ತಿದ. ತೆಗೆದು ನೋಡಿದರೆ ಕೆನ್ನೆಗೆ ಕೆಸರು ಹಾರಿದಂತಿತ್ತು. ಹಾಗೆಯೇ ಮೊಣಕಾಲಿಗೆ ಒತ್ತಿದ. ಹಸಿ ಕೆಸರಿಗೆ ಕಡುಗಂದು, ಒಣಗಿದ್ದಕ್ಕೆ ತಿಳಿಗಂದು, ಒದ್ದೆ ಹೊಳೆಯಲೆಂದು ಅಲ್ಲಲ್ಲಿ ವಾರ್ನಿಷ್. ಸ್ಪಂಜಿಗೆ ನಡುಗದ ಕೈ ಬೇಕಿರಲಿಲ್ಲ. ವಾರ ಕಳೆಯುವುದರೊಳಗೆ ಇಪ್ಪತ್ತನಾಲ್ಕು ಜನರೂ ಹಣೆಯವರೆಗೆ ಕೆಸರಾಗಿ ಸಾಲಾಗಿ ನಿಂತರು. ವಕ್ರ ಪಟ್ಟಿ, ಇಲ್ಲದ ಕಣ್ಣು ಎಲ್ಲವೂ ಅದರಡಿ ಹೋದವು.

ಎನಿಡ್ ಕನ್ನಡಕ ಏರಿಸಿ ನೋಡಿದಳು. "ಇವರನ್ನ ಯಾವ ಹೊಂಡದಿಂದ ಎತ್ಕೊಂಡು ಬಂದೆ?" ಎಂದಳು. ಚಳಿಗಾಲ ಕಳೆದ ಮೇಲೆ ಲೆನ್ ಮೊದಲ ಸಲ ಜೋರಾಗಿ ನಕ್ಕ.

ಪ್ರದರ್ಶನದ ಶನಿವಾರ ಪ್ರಾರ್ಥನಾಮಂದಿರದ ಹಿಂದಿನ ಸಭಾಂಗಣ ಬೆಳಿಗ್ಗೆ ಹತ್ತಕ್ಕೇ ತುಂಬಿತ್ತು. ಎನಿಡ್ ಒಂದು ಮೂಲೆಯಲ್ಲಿ ಬೇಯಿಸಿ ಮಸೆದ ಬಟಾಣಿಗೆ ಪುದೀನ ಸಾಸ್ ಸುರಿದು ಬಟ್ಟಲು ಬಟ್ಟಲಾಗಿ ಹಂಚುತ್ತಿದ್ದಳು. ಲೆನ್ ತನ್ನ ಪಡೆಯನ್ನು ಮೇಜಿನ ಮೇಲಿಟ್ಟು ಎರಡೂ ಕೈಗಳನ್ನು ಜೇಬಿಗಿಳಿಸಿದ. ಜನ ಮುತ್ತಿಕೊಂಡರು. ಮಾಂಸದಂಗಡಿಯ ಡೆಸ್ಮಂಡ್ ಬಗ್ಗಿ ನೋಡಿ, ಇವರ ಬೂಟಿನ ವಾಸನೆ ನನಗೆ ಬರುತ್ತಿದೆ ಎಂದ.

ಅಷ್ಟರಲ್ಲಿ ಪರ್ಸಿ ಹ್ಯಾಲಮ್ ಬಂದ. ಕೂಟದ ಪುಸ್ತಕಗಳೆಲ್ಲ ಅವನ ವಶ. ಹಿಂದೊಮ್ಮೆ ಟೋಪಿಯ ಗರಿ ಒಂದು ಛಾಯೆ ಹೆಚ್ಚು ಕೆಂಪಾಯಿತೆಂದು ಇದೇ ಡೆಸ್ಮಂಡನ ನಲವತ್ತು ಸವಾರರಿಗೆ ಮತ್ತೆ ಬಣ್ಣ ಹಾಕಿಸಿದವನು. ಒಬ್ಬ ಸಿಪಾಯಿಯನ್ನೆತ್ತಿ ತಿರುಗಿಸಿ ನೋಡಿದ.

"ಲೆನ್, ಈ ಕದನ ನಡೆದದ್ದು ಯಾವ ತಿಂಗಳು?"

"ಜುಲೈ."

"ಸ್ಪೇನಿನ ಜುಲೈ. ನೆಲ ಕಾದ ಹಂಚು. ಧೂಳಿರಬೇಕಾದಲ್ಲಿ ನೀನು ಕೆಸರು ಬಳಿದಿದ್ದೀಯಲ್ಲ ಮಾರಾಯ."

ಆಟಕ್ಕೆ ಇನ್ನೂ ಒಂದು ಗಂಟೆಯಿದೆ, ಟರ್ಪೆಂಟೈನಿನಲ್ಲಿ ಕೆಸರು ತೊಳೆದು ಧೂಳು ಹಾಕಿಬಿಡೋಣ, ನಾನೇ ಕೈಹಾಕುತ್ತೇನೆ ಎಂದು ಪರ್ಸಿ ಕೋಟು ಬಿಚ್ಚಿದ. ಅವನು ಕೇಡಿಗನಲ್ಲ. ಸರಿಯಿರಬೇಕು ಅಷ್ಟೇ. ಡೆಸ್ಮಂಡ್ ಆಗಲೇ ಚಿಂದಿಬಟ್ಟೆ ಹುಡುಕಲು ಹೊರಟಿದ್ದ. ಲೆನ್ ಸಾಲಿಗೆ ಅಡ್ಡ ನಿಂತ. ಕೆಸರು ಹೋದರೆ ಕೆಳಗೆ ಸಿಗುವುದು ಮೂರು ಕಣ್ಣಿನವನು.

ಏನಾದರೂ ಹೇಳಬೇಕಿತ್ತು. ಬಸ್ಸಿನ ಊಟದ ಬಿಡುವುಗಳಲ್ಲಿ ಓದಿದ್ದ ಯುದ್ಧದ ಕಥೆಗಳೆಲ್ಲ ತಲೆಯೊಳಗೆ ಒಂದರ ಮೇಲೊಂದು ಬಿದ್ದವು. ಕೊನೆಗೆ ಒಂದು ಕೈಗೆ ಸಿಕ್ಕಿತು.

"ಹಿಂದಿನ ರಾತ್ರಿ ಗುಡುಗು ಮಳೆ ಹೊಡೆದಿತ್ತು, ಪರ್ಸಿ" ಎಂದ. "ಸಿಡಿಲಿಗೆ ಕುದುರೆಗಳು ಹಗ್ಗ ಕಿತ್ತು ಓಡಿದ್ವು. ನಿನ್ನ ಪುಸ್ತಕದಲ್ಲೇ ಇರ್ಬೇಕು, ನೋಡು."

ಪರ್ಸಿ ಚೀಲದಿಂದ ದಪ್ಪ ಪುಸ್ತಕವೊಂದನ್ನು ತೆಗೆದ. ಪುಟ ಮಗುಚುತ್ತಾ ಹೋದ. ಚಿಂದಿ ಹಿಡಿದು ಬಂದ ಡೆಸ್ಮಂಡ್ ಅಲ್ಲೇ ನಿಂತ. ಒಂದು ಪುಟದ ಮೇಲೆ ಬೆರಳಿಟ್ಟು ಎರಡು ಸಲ ಓದಿ, ಪರ್ಸಿ ಪುಸ್ತಕ ಮುಚ್ಚಿ ಕೋಟು ತೊಟ್ಟುಕೊಂಡ.

"ಇದೆ" ಎಂದ. "ಎಲ್ಲರೂ ಧೂಳು ಅಂದ್ಕೊಳ್ಳೋ ಕಡೆ ಇವನು ಮಳೆ ಕಂಡಿದ್ದಾನೆ. ನಾನು ಕಂಡಿರಲಿಲ್ಲ."

ಪರ್ಸಿಯ ಬಾಯಿಂದ ಅಂಥ ಮಾತು ಯಾರೂ ಕೇಳಿದ್ದಿಲ್ಲ. ಲೆನ್ ನಿಟ್ಟುಸಿರು ಬಿಟ್ಟ. ಅದು ಪೂರ್ತಿ ಹೊರಬರುವ ಮೊದಲೇ ಪರ್ಸಿ ಚಪ್ಪಾಳೆ ತಟ್ಟಿ ಎಲ್ಲರನ್ನೂ ಕರೆದ. ತಪ್ಪು ತನ್ನದಾದ್ದರಿಂದ ಪ್ರಾಯಶ್ಚಿತ್ತವಾಗಿ ತಾನೂ ಕೂತು ಕಲಿಯುವುದಾಗಿ ಹೇಳಿದ. ಈ ಕೆಸರಿನ ವಿದ್ಯೆಯನ್ನು ಓಲ್ಡರ್‌ಶಾ ಈಗಲೇ ಎಲ್ಲರಿಗೂ ತೋರಿಸಿಕೊಡುತ್ತಾನೆ ಎಂದು ಸಾರಿದ. ಯಾರೋ ಮೇಜು ಎಳೆದರು, ಯಾರೋ ಬಣ್ಣ ತಂದರು. ಏಳೆಂಟು ಜನ ಒಬ್ಬೊಬ್ಬ ಸಿಪಾಯಿಯನ್ನೂ ಒಂದೊಂದು ಚೂರು ಸ್ಪಂಜನ್ನೂ ಹಿಡಿದು ಸುತ್ತ ಕೂತರು.

ಲೆನ್ ಬಟಾಣಿಯ ಮೂಲೆಯತ್ತ ನೋಡಿದ. ಎನಿಡ್ ಸೌಟು ಹಿಡಿದವಳು ಹಿಡಿದಂತೆಯೇ ನಿಂತಿದ್ದಳು. ಕರೆದರೆ ಬರುತ್ತಿದ್ದಳು. ಅವನು ಕರೆಯಲಿಲ್ಲ. ಜೇಬಿನಿಂದ ಕೈ ತೆಗೆದ.

ಮನೆಯಲ್ಲಿ ನಡುಗುತ್ತಿದ್ದುದಕ್ಕಿಂತ ಕೈ ಈಗ ಹೆಚ್ಚಾಗಿ ನಡುಗಿತು. ಸ್ಪಂಜು ಸಿಪಾಯಿಯ ಕಾಲಿನ ಬಳಿ ಒಂದೆರಡು ಸಲ ಗಾಳಿಯಲ್ಲೇ ತೇಲಾಡಿ ಕೊನೆಗೆ ತಾಗಿತು. ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಬಣ್ಣ ಕಮ್ಮಿಯಿರಬೇಕು, ಒಂದೇ ಜಾಗಕ್ಕೆ ಎರಡು ಸಲ ಒತ್ತಬಾರದು ಎಂದು ಅವನು ತಲೆಯೆತ್ತದೆ ಹೇಳುತ್ತಾ ಹೋದ. ಸುತ್ತ ಪಿಟ್ಟೆನ್ನದ ಮೌನ. ಗೊತ್ತಾಯಿತು ಇವರಿಗೆ ಎಂದುಕೊಂಡು ಕಣ್ಣೆತ್ತಿದ.

ಎಲ್ಲರೂ ಕೈ ನಡುಗಿಸುತ್ತಿದ್ದರು.

ಡೆಸ್ಮಂಡನಂತೂ ನಾಲಿಗೆ ಹೊರಚಾಚಿ, ಎಲುಬು ಕಡಿಯುವ ಆ ದಪ್ಪ ಮಣಿಕಟ್ಟನ್ನು ಜರಡಿ ಹಿಡಿದಂತೆ ಅಲ್ಲಾಡಿಸುತ್ತಿದ್ದ. ಕೆಸರು ಅವನ ಸಿಪಾಯಿಯೊಬ್ಬನನ್ನು ಬಿಟ್ಟು ಮಿಕ್ಕೆಲ್ಲ ಕಡೆ ಬಿದ್ದಿತ್ತು. ಪರ್ಸಿಯ ಕೋಟಿನ ಮೇಲೂ ಎರಡು ಹನಿ. ಪರ್ಸಿ ಅದನ್ನು ಗಮನಿಸದೆ ತನ್ನ ಕೈಯನ್ನು ಲೆಕ್ಕ ಹಾಕಿದಂತೆ, ಒಂದೇ ಸಮನೆ ನಡುಗಿಸುತ್ತಿದ್ದ.

ನಗಬೇಕೋ ಅಳಬೇಕೋ ಲೆನ್‌ಗೆ ತಿಳಿಯಲಿಲ್ಲ. ಬಿಟ್ಟರೆ ಇವರೆಲ್ಲ ಮನೆಗೆ ಹೋಗಿ ಇದನ್ನೇ ಅಭ್ಯಾಸ ಮಾಡುತ್ತಾರೆ.

"ಡೆಸ್ಮಂಡ್, ನಡುಗಿಸೋದು ಬೇಡಪ್ಪ" ಎಂದ. "ಅದಕ್ಕೂ ಕೆಸರಿಗೂ ಸಂಬಂಧ ಇಲ್ಲ. ಅದು ನಂದು. ಜನವರಿಯಿಂದ."

ಒಂದೊಂದಾಗಿ ಕೈಗಳು ನಿಂತವು. ಒಂದು ಕೈ ಮಾತ್ರ ನಿಲ್ಲಲಿಲ್ಲ. ಡೆಸ್ಮಂಡ್ ತನ್ನ ಮಣಿಕಟ್ಟು ನೋಡಿಕೊಂಡ.

"ಮೊದಲೇ ಹೇಳೋದಲ್ವಾ" ಎಂದ. "ನನಗೆ ಈಗಷ್ಟೇ ಅದು ಕೈಗೆ ಹತ್ತುತ್ತಾ ಇತ್ತು."

ಯಾರೋ ಮೂಗಿನಲ್ಲಿ ನಕ್ಕರು. ಆಮೇಲೆ ಲೆನ್ ನಕ್ಕ. ಅವನು ನಕ್ಕದ್ದೇ ತಡ, ಮೇಜಿಗೆ ಮೇಜೇ ಕುಲುಕಿತು. ಹೇಳಿದ್ದಾಯಿತು, ಇನ್ನು ಮುಚ್ಚಿಡುವುದೇನು ಎಂದು ಲೆನ್ ಉಳಿದದ್ದನ್ನೂ ಹೇಳಿದ. ಇಪ್ಪತ್ತನಾಲ್ಕರಲ್ಲಿ ಇಪ್ಪತ್ತೆರಡು ಜನಕ್ಕೆ ಕಣ್ಣೇ ಇಲ್ಲ, ಒಬ್ಬನಿಗೆ ಒಂದು ಹೆಚ್ಚಿದೆ, ಇನ್ನೊಬ್ಬನದು ಗಲ್ಲದಲ್ಲಿದೆ. ನಿಯಮದ ಪ್ರಕಾರ ಇವರು ಮೇಜು ಹತ್ತುವಂತಿಲ್ಲ.

ಎಲ್ಲರೂ ಪರ್ಸಿಯನ್ನು ನೋಡಿದರು. ಪರ್ಸಿ ಭೂತಗನ್ನಡಿ ತೆಗೆದು ಸಾಲಿನ ಉದ್ದಕ್ಕೂ ಬಗ್ಗಿ ನಡೆದ. ತುದಿ ಮುಟ್ಟಿ ಸೊಂಟ ನೆಟ್ಟಗೆ ಮಾಡಿದ.

"ರಾತ್ರಿಯೆಲ್ಲ ಮಳೇಲಿ ನೆಂದವರು, ನಿದ್ದೆ ಇಲ್ಲ" ಎಂದ. "ಕಣ್ಣು ಬಿಟ್ಕೊಂಡು ನಿಂತಿದ್ರೆ ಅದು ತಪ್ಪಾಗ್ತಿತ್ತು. ಗಲ್ಲದವನನ್ನ ಹಿಂದಿನ ಸಾಲಿಗೆ ಹಾಕು."

ಹನ್ನೊಂದಕ್ಕೆ ಆಟ ಶುರುವಾಯಿತು. ಹೊಸದಾಗಿ ಬಣ್ಣ ಹಾಕಿದ ಪಡೆ ಮೊದಲ ಆಟದಲ್ಲೇ ಓಡಿಹೋಗುತ್ತದೆಂದು ಆ ಕೂಟದಲ್ಲಿ ಹಳೆಯ ನಂಬಿಕೆ. ಪಡೆ ನಿಲ್ಲುವುದೋ ಓಡುವುದೋ ತಿಳಿಯಲು ಲೆನ್ ದಾಳ ಎಸೆದ. ಅದು ಕೈಯಿಂದ ಬೇಕಾಬಿಟ್ಟಿ ಸಿಡಿದು ಹೋಗಿ ಬಟಾಣಿ ಬಟ್ಟಲಿಗೆ ಬಿತ್ತು. ಎನಿಡ್ ಸೌಟಿನಲ್ಲಿ ಅದನ್ನೆತ್ತಿ, ಪುದೀನ ಒರೆಸಿ, ಒಂದು ಎಂದು ಕೂಗಿ ಹೇಳಿದಳು. ಅದಕ್ಕಿಂತ ಕೆಟ್ಟ ಅಂಕ ದಾಳದಲ್ಲಿಲ್ಲ. ಇಪ್ಪತ್ತನಾಲ್ಕು ಜನರೂ, ಒಂದು ಗುಂಡು ಹಾರಿಸದೆ, ಬೆನ್ನು ತಿರುಗಿಸಿ ಓಡಿದರು. ಲೆನ್ ಅವರನ್ನು ಒಬ್ಬೊಬ್ಬರಾಗಿ ಎತ್ತಿ ಬೆಟ್ಟದ ಹಿಂದಕ್ಕೆ ಸಾಗಿಸುತ್ತಿದ್ದರೆ ಎದುರು ಪಕ್ಷದ ಡೆಸ್ಮಂಡ್ ಬಾಗಿ, ಬರುವ ವರ್ಷ ತನ್ನ ಫ್ರೆಂಚರಿಗೂ ಕೆಸರು ಬೇಕು, ನಲವತ್ತು ಸವಾರರಿದ್ದಾರೆ, ಯಾವಾಗ ತರಲಿ ಎಂದು ಕೇಳುತ್ತಿದ್ದ.