ಒಂದು ಕೈಗಾಗಿ ಬರೆದವರು

ಎಫಿ ಗೌರ್ಲೇ ಅವರ ಹಿಂದೆ ನಡೆಯುವುದು ಅಪಾಯದ ಕೆಲಸವೆಂದು ಡಂಡೀ ಊರಿನ ನಮ್ಮ ಬೀದಿಯವರಿಗೆಲ್ಲ ಗೊತ್ತು. ದಾಪುಗಾಲು ಹಾಕಿ ಹೋಗುತ್ತಿರುವ ಆ ಎತ್ತರದ ಹೆಂಗಸು ಯಾವ ಸೂಚನೆಯೂ ಇಲ್ಲದೆ ನೆಟ್ಟ ಕಂಬದಂತೆ ನಿಂತುಬಿಡುತ್ತಾರೆ. ತಲೆಯನ್ನು ಒಂದು ಕಡೆಗೆ ವಾಲಿಸಿ, ಎದುರಿನ ಮಾಂಸದಂಗಡಿಯನ್ನೋ ಬಸ್ಸಿಗೆ ಕಾಯುತ್ತಿರುವ ಮುದುಕನನ್ನೋ ಕಣ್ಣು ಕಿರಿದು ಮಾಡಿ ನೋಡಿ, ಮತ್ತೆ ದಾಪುಗಾಲು ಹಾಕುತ್ತಾರೆ. ಹಿಂದೆ ಬಂದವರು ಅವರ ಬೆನ್ನಿಗೆ ಡಿಕ್ಕಿ ಹೊಡೆದು, ತಾವೇ ಕ್ಷಮೆ ಕೇಳಿ ಮುಂದೆ ಹೋಗುತ್ತಾರೆ. ಜೀವನವಿಡೀ ಕಾಮಿಕ್ಸಿಗೆ ಚಿತ್ರಕಥೆ ಬರೆದು, ಚಿತ್ರದ ಚೌಕದಿಂದ ಚೌಕಕ್ಕೆ ಕಥೆ ಸಾಗಿಸಿ ಸಾಗಿಸಿ, ಅವರ ನಡಿಗೆಗೂ ಚೌಕಟ್ಟು ಬಂದಿದೆಯೆಂದು ನನ್ನ ಊಹೆ. ಒಮ್ಮೆ ಇದನ್ನು ಅವರಿಗೇ ಹೇಳಿದೆ.

"ಅಲ್ಲ ಮೇಷ್ಟ್ರೇ, ಮಂಡಿ ನೋವು," ಎಂದರು.

ಅವರ ಕೋಟು ಊರಿಗೆಲ್ಲ ಪರಿಚಿತ. ಹಡಗುಕಟ್ಟೆಯಲ್ಲಿ ದುಡಿದ ಯಾವನೋ ಭಾರಿ ಆಳಿಗಾಗಿ ಹೊಲಿದದ್ದಿರಬೇಕು. ಹಳೆಬಟ್ಟೆಯ ಅಂಗಡಿಯಲ್ಲಿ ಅವರ ಪಾಲಿಗೆ ಬಂತು. ತೋಳನ್ನು ಎರಡು ಮಡಿಕೆ ಮಡಿಸಿರುತ್ತಾರೆ, ಗುಂಡಿ ಹಾಕಿದ್ದನ್ನು ಕಂಡವರಿಲ್ಲ. ಒಂದು ಜೇಬಿನಲ್ಲಿ ಮಡಿಸಿದ ಹಾಳೆಗಳು, ಇನ್ನೊಂದರಲ್ಲಿ ಕಾಗದ ಸುತ್ತಿದ ಮಾಂಸದ ಕಡುಬು. ಅವರ ಎರಡನೆಯ ಕಾದಂಬರಿಗೆ ಲಂಡನ್ನಿನಲ್ಲಿ ಬಹುಮಾನ ಬಂದಾಗಲೂ ಅದೇ ಕೋಟಿನಲ್ಲಿ ವೇದಿಕೆ ಹತ್ತಿದರಂತೆ. "ಕೋಟು ತೆಗೆದಿಡ್ತೀರಾ ಅಂತ ಬಾಗಿಲಲ್ಲಿ ಕೇಳಿದ್ರು. ಒಳಗಿನ ಸ್ವೆಟರ್ ಕಂಡ್ರೆ ಬಹುಮಾನ ವಾಪಸ್ ಇಸ್ಕೊಂಡಾರು ಅಂತ ಬೇಡ ಅಂದೆ," ಎಂದು ಊರಿಗೆ ಬಂದು ಹೇಳಿದರು.

ಇನ್ನು ಅವರ ಮಾತು. ನೀವು ಏನೇ ಹೇಳಿ, ಮಗಳ ಮದುವೆ ನಿಶ್ಚಯವಾಯಿತೆನ್ನಿ, ಹಲ್ಲು ಕೀಳಿಸಿಕೊಂಡೆನೆನ್ನಿ, ಅವರು ಕೊನೆಯವರೆಗೂ ಗಮನವಿಟ್ಟು ಕೇಳಿ, "ಸರಿ, ಆಮೇಲೆ?" ಎನ್ನುತ್ತಾರೆ. ವಾರವಾರವೂ ಓದುಗರನ್ನು ಕುತೂಹಲದ ಅಂಚಿನಲ್ಲಿ ನಿಲ್ಲಿಸಿ ಬದುಕಿದವರಿಗೆ ಲೋಕದಲ್ಲಿ ಯಾವ ಸಂಗತಿಯೂ ಮುಗಿಯಿತೆಂದು ಅನ್ನಿಸುವುದಿಲ್ಲವೋ ಏನೋ.

ಹದಿನಾರನೆಯ ವಯಸ್ಸಿಗೆ ಶಾಲೆ ಬಿಟ್ಟು ಅವರು ಸೇರಿದ್ದು ಹುಡುಗಿಯರ ಚಿತ್ರಕಥೆಯ ವಾರಪತ್ರಿಕೆಯೊಂದರ ಕಚೇರಿಗೆ. ಆ ಪತ್ರಿಕೆ ಈಗಿಲ್ಲ. ಅದರಲ್ಲಿ ಬರೆದವರ ಹೆಸರಾಗಲಿ ಬಿಡಿಸಿದವರ ಹೆಸರಾಗಲಿ ಅಚ್ಚಾಗುತ್ತಿರಲಿಲ್ಲ; ಕಥೆ ತನ್ನಷ್ಟಕ್ಕೇ ಹುಟ್ಟಿತೆಂದು ಮಕ್ಕಳು ನಂಬಬೇಕೆಂಬುದು ಅಲ್ಲಿನ ಹಿರಿಯರ ಧೋರಣೆ. ಕಲಾವಿದರು ಕದ್ದುಮುಚ್ಚಿ ತಮ್ಮ ಹೆಸರನ್ನು ಚಿತ್ರದೊಳಗಿನ ಅಂಗಡಿಯ ಫಲಕದ ಮೇಲೋ ಹಾಲಿನ ಗಾಡಿಯ ಮೇಲೋ ಬರೆದಿಡುತ್ತಿದ್ದರು; ಬಿಳಿ ಬಣ್ಣದ ಕುಂಚ ಹಿಡಿದು ಅವನ್ನು ಹುಡುಕಿ ಅಳಿಸುವುದು ಎಫಿಯವರ ಪಾಲಿನ ಕೆಲಸ. ಡೂಗಿ ಸ್ಪಿಂಕ್ ಎಫಿಯವರಿಗೆ ಪರಿಚಯವಾದದ್ದು ಹೀಗೆಯೇ. ಮೀನುಗಾರರ ಮನೆತನದ ಆ ನಾಚಿಕೆಯ ಕಲಾವಿದ ಹೆಸರು ಬರೆಯದೆ, ಪುಟದ ಮೂಲೆಯಲ್ಲೊಂದು ಪುಟ್ಟ ಮೀನು ಬಿಡಿಸುತ್ತಿದ್ದರು. ಮೀನು ಅಳಿಸಬೇಕೆಂದು ಯಾರೂ ಅಪ್ಪಣೆ ಕೊಟ್ಟಿರಲಿಲ್ಲವಾದ್ದರಿಂದ ಎಫಿ ಅಳಿಸಲಿಲ್ಲ.

ಕೆಲಕಾಲದಲ್ಲೇ ಎಫಿ ಕಥೆ ಬರೆಯತೊಡಗಿದರು, ಡೂಗಿ ಅದಕ್ಕೆ ಚಿತ್ರ ಬಿಡಿಸತೊಡಗಿದರು. ಆಗಿನ ಪ್ರಸಂಗವೊಂದನ್ನು ಹೇಳದೆ ಮುಂದೆ ಹೋಗಲಾರೆ. ಆ ಕಾಲದಲ್ಲಿ ಪಾತ್ರಗಳ ಬಾಯಿಂದ ಹೊರಡುವ ಮಾತಿನ ಗುಳ್ಳೆಗಳನ್ನು ಬೇರೆ ಕಾಗದದಲ್ಲಿ ಬರೆದು, ಕತ್ತರಿಸಿ, ಚಿತ್ರದ ಮೇಲೆ ಅಂಟಿಸುತ್ತಿದ್ದರು. ಒಂದು ವಾರ ಅಂಟಿಸುವವರ ಕೈತಪ್ಪಿ ಗುಳ್ಳೆಯ ಬಾಲ ಬೇರೊಬ್ಬಳ ಬಾಯಿಗೆ ತಿರುಗಿತು. "ಬೀಗದ ಕೈ ನನ್ನ ಹತ್ತಿರ ಇದೆ" ಎಂದು ಕಳ್ಳ ಹುಡುಗಿ ಹೇಳಬೇಕಾಗಿತ್ತು. ಅಚ್ಚಾದ ಪತ್ರಿಕೆಯಲ್ಲಿ ಆ ಮಾತನ್ನು ನಾಯಕಿಯ ಪ್ರಾಣಸ್ನೇಹಿತೆ ಹೇಳಿದ್ದಳು. ಕಚೇರಿಯಲ್ಲಿ ಗದ್ದಲವೋ ಗದ್ದಲ, ತಿದ್ದುಪಡಿ ಹಾಕಬೇಕೆಂದು ಎಲ್ಲರ ಒತ್ತಾಯ. ಎಫಿ ಮಾತ್ರ, "ಹೇಳ್ಬಿಟ್ಟಿದಾಳಲ್ಲ, ಇನ್ನು ಅವಳ ಬಾಯಿ ಮುಚ್ಚಿಸೋಕಾಗತ್ತಾ?" ಎಂದು ಕುಳಿತು, ಆ ಸ್ನೇಹಿತೆ ಬೀಗದ ಕೈಯನ್ನು ಬಚ್ಚಿಟ್ಟದ್ದೇಕೆಂದು ಯೋಚಿಸಿ ಬರೆದರು. ಮುಗಿಯಲಿದ್ದ ಕಥೆ ಮತ್ತೆರಡು ವರ್ಷ ನಡೆಯಿತು.

ಪತ್ರಿಕೆ ನಿಂತ ಮೇಲೆ ಇಬ್ಬರೂ ದೊಡ್ಡವರಿಗಾಗಿ ಚಿತ್ರಕಾದಂಬರಿಗಳನ್ನು ಮಾಡಿದರು. ಎಫಿ ಚಿತ್ರವಿಲ್ಲದ ಕಾದಂಬರಿಗಳನ್ನೂ ಬರೆದರು. ವಿಮರ್ಶಕರು ಆಗ ಅವರನ್ನು ಸಾಹಿತಿ ಎಂದು ಕರೆಯತೊಡಗಿದರು. ಇಷ್ಟು ಚೆನ್ನಾಗಿ ಬರೆಯುವವರು ಕಾಮಿಕ್ಸಿಗೆ ಮರಳುವುದೇಕೆಂದು ಅವರ ಕಳವಳ. "ಕಾದಂಬರಿ ಬರೀವಾಗ ಒಬ್ಬಳೇ ಕೂತಿರ್ತೀನಿ. ಬೇಜಾರು," ಎಂಬುದು ಎಫಿಯವರ ಉತ್ತರ.

ಆ ಉತ್ತರದ ಹಿಂದೆ ಅವರ ಒಂದು ಹಟವಿತ್ತು. ಬಹಳ ಮಂದಿ ಚಿತ್ರಕಥೆಯನ್ನು ಬರೆದು ಮುಗಿಸಿ, ಆಮೇಲೆ ಅದನ್ನು ಬಿಡಿಸಲು ಯಾರಾದರೂ ಸಿಗುತ್ತಾರೆಯೇ ಎಂದು ನೋಡುತ್ತಾರೆ. ಎಫಿ ಹಾಗೆ ಒಂದು ಸಾಲನ್ನೂ ಬರೆದವರಲ್ಲ. ಮೊದಲು ಡೂಗಿಯ ಮನೆಗೆ ಹೋಗಿ, "ಈಗ ಏನು ಬಿಡಿಸಬೇಕು ಅನ್ನಿಸ್ತಿದೆ ನಿಂಗೆ?" ಎಂದು ಕೇಳುತ್ತಾರೆ. ಅನಂತರ ಒಂದೊಂದು ಚೌಕಕ್ಕೂ ಒಂದೊಂದು ಪುಟದಷ್ಟು ಬರೆಯುತ್ತಾರೆ: ಬೆಳಕು ಯಾವ ಕಡೆಯಿಂದ ಬಿದ್ದಿದೆ, ಆ ಹೆಂಗಸು ಇದಕ್ಕೆ ಮೊದಲು ಯಾರೊಡನೆ ಜಗಳವಾಡಿ ಬಂದಳು, ಅಡುಗೆಮನೆಯಲ್ಲಿ ಯಾವ ವಾಸನೆ. ವಾಸನೆಯನ್ನು ಯಾರೂ ಬಿಡಿಸಲಾರರು. ಆದರೆ ಅದು ಡೂಗಿಗೆ ತಿಳಿದಿರಬೇಕು.

ಇಬ್ಬರ ಮಹತ್ಕೃತಿ 'ಸೆಣಬು'. ನಮ್ಮೂರಿನ ಸೆಣಬಿನ ಗಿರಣಿಗಳಲ್ಲಿ ದುಡಿದ ಹೆಂಗಸರ ಕಥೆ, ಮೂರು ಭಾಗಗಳಲ್ಲಿ. ಮಗ್ಗಗಳ ಆರ್ಭಟದಲ್ಲಿ ಮಾತು ಕೇಳಿಸದೆ ಆ ಹೆಂಗಸರು ಕೈಸನ್ನೆಯಲ್ಲೇ ಹರಟುತ್ತಿದ್ದರಾದ್ದರಿಂದ, ಗಿರಣಿಯೊಳಗಿನ ಯಾವ ಪುಟದಲ್ಲೂ ಮಾತಿನ ಗುಳ್ಳೆಯಿಲ್ಲ. ಎರಡು ಭಾಗ ಹೊರಬಂದು ಹೆಸರಾಯಿತು. ಮೂರನೆಯದನ್ನು ಎಫಿ ಬರೆದು ಮುಗಿಸಿದ ಸಮಯಕ್ಕೆ ಡೂಗಿಯವರ ಬಲಗೈ ನಡುಗತೊಡಗಿತು.

ಗುರುವಾರದ ಮಧ್ಯಾಹ್ನಗಳಲ್ಲಿ ಶೀನಾಳ ಚಹಾದಂಗಡಿಯಲ್ಲಿ ಅವರಿಬ್ಬರೊಡನೆ ಕೂರುವ ಭಾಗ್ಯ ನನಗೂ ಇದೆ. ಡೂಗಿ ಚಹಾವನ್ನು ಅರ್ಧ ಬಟ್ಟಲಷ್ಟೇ ಕೇಳತೊಡಗಿದ್ದನ್ನು ನಾನು ಮಿತವ್ಯಯವೆಂದುಕೊಂಡಿದ್ದೆ. ಔಷಧದಿಂದ ಕೈನಡುಕ ಸ್ವಲ್ಪ ತಗ್ಗೀತು, ಪೂರ್ತಿ ಹೋಗದು ಎಂದು ವೈದ್ಯರು ಹೇಳಿದರು. ಸುದ್ದಿ ತಿಳಿದು ಲಂಡನ್ನಿನಿಂದ ಪ್ರಕಾಶನದ ಸಂಪಾದಕಿ ಇಮೋಜೆನ್ ರೈಲಿನಲ್ಲಿ ಬಂದಳು. ಒಳ್ಳೆಯ ಹೆಣ್ಣುಮಗಳು, ಮುಖ ಸಣ್ಣದು ಮಾಡಿಕೊಂಡೇ ಮೇಜಿನ ಮೇಲೆ ಬೇರೊಬ್ಬ ಕಲಾವಿದನ ಕೆಲವು ಚಿತ್ರಗಳನ್ನು ಹರಡಿದಳು.

"ಗೆರೆ ನೋಡಿ ಎಫಿ. ಥೇಟ್ ಡೂಗಿಯವರದ್ದೇ. ಮುಖಪುಟದ ಮೇಲೆ ಡೂಗಿಯವರ ಹೆಸರು ಇದ್ದೇ ಇರತ್ತೆ."

ಡೂಗಿ ಕನ್ನಡಕ ಏರಿಸಿ ನೋಡಿದರು. "ನಂಗಿಂತ ಚೆನ್ನಾಗೇ ಮಾಡಿದಾನೆ ಕಣೇ. ಕೊಟ್ಬಿಡು."

"ಸರಿ, ಆಮೇಲೆ?" ಎಂದರು ಎಫಿ.

"ಆಮೇಲೇನು? ಮನೇಲಿ ಕೂತು ಟೊಮೇಟೊ ಬೆಳೀತೀನಿ."

"ನಿನ್ನ ಟೊಮೇಟೊ ತಿಂದಿದೀನಿ. ಬೇಡ."

ಶೀನಾ ಗಲ್ಲಾದ ಹಿಂದೆ ಕಿಸಕ್ಕನೆ ನಕ್ಕಳು. ಇಮೋಜೆನ್ ನಗಲಿಲ್ಲ. "ಕ್ರಿಸ್‌ಮಸ್ ಹೊತ್ತಿಗೆ ಮೊದಲ ಅಧ್ಯಾಯ ನನ್ನ ಕೈಗೆ ಬರಬೇಕು ಎಫಿ. ಬರದಿದ್ರೆ ಆ ಹುಡುಗನಿಗೆ ಕೊಡ್ಲೇಬೇಕಾಗತ್ತೆ. ನನ್ನ ಮೇಲೂ ಹೇಳೋರು ಕೇಳೋರು ಇದಾರೆ."

ಅವಳು ಹೋದ ಮೇಲೆ ಡೂಗಿ ತಮ್ಮ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡು ಕುಳಿತರು. ಐವತ್ತು ವರ್ಷ ಗೆರೆ ಎಳೆದ ಮನುಷ್ಯ. ತಾನು ಗೆರೆಗಳಲ್ಲಿ ಕಟ್ಟಿದ ಊರನ್ನು ಇನ್ನೊಬ್ಬರು ಮುಗಿಸುವುದನ್ನು ನೋಡುತ್ತ ಕೂರಬೇಕಾದೀತೆಂಬ ಭಯ ಆ ಮುಖದ ಮೇಲಿತ್ತು.

ಎಫಿ ಮರುದಿನವೇ ಅವರ ಮನೆಗೆ ಹೋಗಿ, "ಏನಾದ್ರೂ ಬಿಡಿಸು, ಕೆಟ್ಟದಾಗೇ ಬಿಡಿಸು," ಎಂದು ಕಾಡಿದರಂತೆ. ಡೂಗಿ ಸಿಟ್ಟಿನಿಂದಲೇ ಮಗ್ಗವೊಂದನ್ನು, ಕಿಟಕಿಯ ಸಾಲನ್ನು, ಚಿಮಣಿಯನ್ನು ಬಿಡಿಸಿ ಎಸೆದರು. ನೇರಗೆರೆಗಳೆಲ್ಲ ಒಡೆದುಹೋಗಿದ್ದವು. ಎಫಿ ಆ ಹಾಳೆಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡು ಮನೆಗೆ ತಂದು ವಾರಗಟ್ಟಲೆ ನೋಡಿದರು. ಉದ್ದದ ಗೆರೆ ಆ ಕೈಗೆ ಒಗ್ಗದು. ಆದರೆ ಚಿಕ್ಕ ಚಿಕ್ಕ ಗೆರೆಗಳು ಒಂದರ ಮೇಲೊಂದು ಕೂಡಿದಲ್ಲಿ ಚಿಮಣಿಯ ಸುತ್ತ ಗಾಳಿ ಉಸಿರಾಡುತ್ತಿರುವಂತೆ ಕಂಡಿತು. ಅವರು ಬರೆದು ಮುಗಿಸಿದ್ದ ಮೂರನೆಯ ಭಾಗವನ್ನು ಕಪಾಟಿಗೆ ಸೇರಿಸಿ, ಮೊದಲಿನಿಂದ ಮತ್ತೆ ಬರೆಯಲು ಕುಳಿತರು. ಹೊಸ ಕಥೆಯಲ್ಲಿ ಗಿರಣಿ ಮುಚ್ಚುವ ಕೊನೆಯ ದಿನ ಕಡಲಿನಿಂದ ದಟ್ಟ ಮಂಜಿನ ಕಾವಳ ಏರಿ ಬರುತ್ತದೆ, ಟೇ ನದಿಯನ್ನೂ ಸೇತುವೆಯನ್ನೂ ನುಂಗಿ ಬೀದಿಗಿಳಿಯುತ್ತದೆ; ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು, ಕಾಣದ ಊರಿನಲ್ಲಿ ಮನೆಗಳನ್ನು ಹುಡುಕುತ್ತ ಹೋಗುತ್ತಾರೆ.

ಡೂಗಿ ಅದನ್ನು ಓದಿ, ಮುಂದಿನ ಗುರುವಾರ ಹಾಳೆಗಳ ಕಟ್ಟನ್ನು ಚಹಾದ ಮೇಜಿನ ಮೇಲೆ ಕುಕ್ಕಿದರು. ಅಷ್ಟು ಸಿಟ್ಟಿನಲ್ಲಿ ನಾನು ಅವರನ್ನು ಎಂದೂ ಕಂಡಿರಲಿಲ್ಲ.

"ಕಾವಳ ಬರೆದು ನನ್ನ ಕೈ ಮುಚ್ಚಿಡ್ತೀಯಾ? ಕನಿಕರಾನಾ? ನಂಗೆ ಬೇಡ ಕಣೇ ನಿನ್ನ ಕನಿಕರ!"

ಎಫಿ ಬಾಯಲ್ಲಿದ್ದ ಕಡುಬನ್ನು ಅಗಿದು ನುಂಗಿದರು. ಆಮೇಲೆ ಕೇಳಿದರು: "ನಮ್ಮ ಕಥೆಗಳಲ್ಲಿ ಯಾರಾದ್ರೂ ಕುದುರೆ ಹತ್ತಿದ್ದಾರೇನೋ?"

"ಅದಕ್ಕೂ ಇದಕ್ಕೂ ಏನು?"

"ಹತ್ತಿದಾರಾ, ಇಲ್ವಾ?"

"...ಇಲ್ಲ."

"ಯಾಕಿಲ್ಲ? ಬೋರ್ಡಿಂಗ್ ಶಾಲೆ ಹುಡುಗೀರು, ಜಮೀನ್ದಾರನ ಮಕ್ಕಳು, ಎಲ್ಲಾರೂ ಸೈಕಲ್ ಮೇಲೆ, ಇಲ್ಲಾಂದ್ರೆ ನಡ್ಕೊಂಡು. ನಿಂಗೆ ಕುದುರೆ ಬಿಡಿಸೋಕೆ ಬರಲ್ಲ ಕಣೋ, ಅದಕ್ಕೆ. ನಾನು ಮೊದಲನೇ ವಾರಾನೇ ನೋಡಿದೆ. ಅವತ್ತಿಂದ ಕುದುರೆ ಬರೀಲಿಲ್ಲ. ಆಗ ಯಾಕೆ ಕನಿಕರ ಅನ್ಲಿಲ್ಲ?"

"ನಂಗೆ ಕುದುರೆ ಚೆನ್ನಾಗೇ ಬರತ್ತೆ," ಎಂದರು ಡೂಗಿ, ನೊಂದ ದನಿಯಲ್ಲಿ.

"ಒಂದು ಸಲ ಬಿಡಿಸಿದ್ಯಲ್ಲ. ಅದು ಯಾವ ಜಾತಿ ನಾಯಿ ಅಂತ ಮಕ್ಕಳು ಕಾಗದ ಬರೆದು ಕೇಳಿದ್ರು."

ಶೀನಾ ಬಟ್ಟಲು ಕೆಳಗಿಟ್ಟು ನಕ್ಕಳು, ನಾನೂ ನಕ್ಕೆ. ಬಿಗುಮಾನದಿಂದಿದ್ದ ಡೂಗಿ ಕೊನೆಗೆ ತಾವೂ ನಗೆಗೆ ಸೋತರು. ಎಫಿ ಮಾತ್ರ ನಗದೆ, ಹಾಳೆಗಳನ್ನು ನಿಧಾನವಾಗಿ ಸರಿಮಾಡಿ ಅವರ ಕಡೆಗೆ ತಳ್ಳಿದರು. "ನಿನ್ನ ಕೈ ಹೇಗಿದೆಯೋ ಹಾಗೆ ಬರೀತೀನಿ ಡೂಗಿ. ಯಾವತ್ತೂ ಹಾಗೇ ಬರೆದಿದ್ದು. ಬೇರೆ ಥರ ಬರೆಯೋದು ನಂಗೆ ಗೊತ್ತಿಲ್ಲ."

ಡೂಗಿ ಹಾಳೆಗಳನ್ನು ತೆಗೆದುಕೊಂಡರು. ಆ ದಿನದಿಂದ ಚೌಕ ಚೌಕವಾಗಿ ಬಿಡಿಸಿದರು. ಕೈ ಒಪ್ಪಿದ ದಿನ ಒಂದು ಚೌಕ, ಒಪ್ಪದ ದಿನ ಏನೂ ಇಲ್ಲ. ಕ್ರಿಸ್‌ಮಸ್ಸಿಗೆ ಮೊದಲು ಇಮೋಜೆನ್‌ಗೆ ಹೋದದ್ದು ಇಡೀ ಅಧ್ಯಾಯವಲ್ಲ, ಅದರ ಆರಂಭದ ಕೆಲವೇ ಪುಟಗಳು. ಅವಳು ಫೋನು ಮಾಡಿ, "ಎಷ್ಟು ದಿನ ಬೇಕಾದ್ರೂ ತಗೊಳ್ಳಿ," ಎಂದಳಂತೆ.

ಪುಸ್ತಕ ತಡವಾಗಿ ಬಂತು, ಇಬ್ಬರ ಹೆಸರೂ ಒಂದೇ ಗಾತ್ರದಲ್ಲಿ. ನಮ್ಮೂರ ಗ್ರಂಥಾಲಯದಲ್ಲಿ ಬಿಡುಗಡೆಯಾದ ದಿನ ಗಿರಣಿಯಲ್ಲಿ ದುಡಿದಿದ್ದ ಮುದುಕಿಯೊಬ್ಬರು ಎದ್ದು ನಿಂತು, ಕಾವಳದ ಪುಟಗಳನ್ನು ಎತ್ತಿ ತೋರಿಸಿ ಕೇಳಿದರು: "ಅಲ್ಲಮ್ಮಾ, ಇಲ್ಲೆಲ್ಲ ಒಂದಕ್ಷರಾನೂ ಇಲ್ಲವಲ್ಲ. ನೀನಿಲ್ಲಿ ಏನು ಬರೆದೆ?"

ಸಭೆ ನಕ್ಕಿತು. ಎಫಿ ಬಾಯಿ ತೆರೆಯುವಷ್ಟರಲ್ಲಿ ಡೂಗಿ, ಸಭೆಯಲ್ಲಿ ಎಂದೂ ಮಾತಾಡದ ಡೂಗಿ, ಎದ್ದು ಹೇಳಿದರು: "ಅಲ್ಲಿರೋದೆಲ್ಲ ಅವಳು ಬರೆದಿದ್ದೇ ಅಜ್ಜಿ. ನಾನು ಓದಿದೀನಿ."

ಚಿತ್ರಕಥೆ ಬರೆಯುವವರ ಭಾಗ್ಯವೂ ನಿರ್ಭಾಗ್ಯವೂ ಇದರಲ್ಲೇ ಇದೆಯೆಂದು ನನಗೆ ಅಂದು ಅನ್ನಿಸಿತು. ಸಾವಿರಾರು ಜನರ ಕಣ್ಣಿಗಾಗಿ ದುಡಿಯುವ ಈ ಮಂದಿ ತಮ್ಮ ಅತ್ಯುತ್ತಮ ವಾಕ್ಯಗಳನ್ನು ಒಬ್ಬನೇ ಓದುಗನಿಗೆ ಬರೆಯುತ್ತಾರೆ. ಆ ಕಲಾವಿದ ಅವನ್ನು ಗೆರೆಯಾಗಿ ಕರಗಿಸಿದ ಮೇಲೆ ಬರಹ ರದ್ದಿಗೆ ಹೋಗುತ್ತದೆ, ಬರೆದವರು ಏನು ಬರೆದರೆಂದು ಊರು ಕೇಳುತ್ತದೆ. ಸಾಹಿತಿಗಳ ಸಾಲಿನಲ್ಲಿ ಅವರನ್ನು ಎಲ್ಲಿ ಕೂರಿಸಬೇಕೆಂಬುದು ವಿದ್ವಾಂಸರಿಗೆ ಇನ್ನೂ ಬಗೆಹರಿದಿಲ್ಲ. ಬರೆಯುವವರಿಗೆ ಆ ಚಿಂತೆಗೆ ಬಿಡುವಿಲ್ಲ. ಗೆಳೆಯನ ಕೈ ನಾಳೆ ಏನನ್ನು ಬಿಡಿಸಬಲ್ಲದೆಂದು ಅವರು ಇವತ್ತೇ ತಿಳಿದುಕೊಳ್ಳಬೇಕು.