ನಾಲ್ಕನೇ ಕಾಲಿನ ಕೂದಲು

"ನೋಡು, ನನ್ನ ನುಸಿಯ ಅಪ್ಪ ಬಂದ," ಎಂದು ಫ್ಯೋಕ್ಲಾ ಸವ್ವಿಚ್ನಾ ಪಕ್ಕದ ಮನೆಯ ಮಾರ್ಫಾಗೆ ಹೇಳಿದರು. ಹಿಮ ಮೆತ್ತಿದ ಬೂಟು ಕಳಚುತ್ತಿದ್ದ ಎರ್ಚಿಮ್ ತಲೆ ಎತ್ತಲಿಲ್ಲ.

ಮಾರ್ಫಾ ಗೋಡೆಯ ಮೇಲಿದ್ದ ನುಸಿಯ ಚಿತ್ರವನ್ನೂ ಅದರಡಿಯ ಹೆಸರನ್ನೂ ನೋಡಿ ನಕ್ಕಳು. "ಕಣ್ಣಿಗೇ ಕಾಣದ ಹುಳಕ್ಕೆ ಟೀಚರಮ್ಮನ ಹೆಸ್ರಾ? ನನ್ನ ಹೆಸರಿಡೋದಾದ್ರೆ ಒಂದು ಕುದುರೆಗಾದ್ರೂ ಇಡಪ್ಪ." ಹಾಲಿನ ಪಾತ್ರೆ ಎತ್ತಿಕೊಂಡು ಹೊರಟಳು.

ಎರ್ಚಿಮ್‌ಗೆ ನುಸಿಗಳನ್ನು ಗುರುತಿಸಲು ಕಲಿಸಿದವರೇ ಫ್ಯೋಕ್ಲಾ ಸವ್ವಿಚ್ನಾ. ಮೂರು ವರ್ಷದ ಹಿಂದೆ, ಲೆನಾ ನದಿ ಕಡಲು ಸೇರುವಲ್ಲಿ, ಬಂಡೆಯ ಪಾಚಿಯಲ್ಲಿ ಅವನಿಗೆ ಒಂದೇ ಒಂದು ನುಸಿ ಸಿಕ್ಕಿತ್ತು. ನಾಲ್ಕನೇ ಕಾಲಿನಲ್ಲಿ ಇರಬೇಕಾದ ಕೂದಲು ಅದಕ್ಕಿರಲಿಲ್ಲ. ಹೊಸ ಜಾತಿಯೆಂದು ಹಿಗ್ಗಿದ. ಚಿತ್ರ ಬರೆಯಲು ಕೂತಾಗ ಕೂದಲಿನ ಬುಡದ ಗುಳಿ ಕಂಡಿತು. ಕೂದಲು ಇತ್ತು, ಅವನದೇ ಸೂಜಿ ತಾಗಿ ಮುರಿದಿತ್ತು. ಆಗ ಫ್ಯೋಕ್ಲಾ ಸವ್ವಿಚ್ನಾ ಆಸ್ಪತ್ರೆಯಲ್ಲಿ ಇಂದೋ ನಾಳೆಯೋ ಎನ್ನುವಂತಿದ್ದರು. ಅವರು ಕಣ್ಣು ಮುಚ್ಚುವ ಮೊದಲು ಒಂದು ಜೀವಕ್ಕೆ ಅವರ ಹೆಸರಿಡುವ ಆಸೆಗೆ ಬಿದ್ದು, ಗುಳಿಯನ್ನು ಬಿಟ್ಟು ಚಿತ್ರ ಬರೆದ. ಅವರ ಹೆಸರಿನ ಹೊಸ ಜಾತಿಯೆಂದು ಪ್ರಬಂಧ ಅಚ್ಚಾಯಿತು. ಅವರು ಚೇತರಿಸಿಕೊಂಡು ಮನೆಗೆ ಬಂದರು. ಅಂದಿನಿಂದ ಅವನು ಒಳಗೊಳಗೇ ಬೇಯುತ್ತಿದ್ದ.

ಮೊನ್ನೆ ದೂರದ ಊರಿನ ಸಂಶೋಧಕಿಯೊಬ್ಬಳು ಆ ನುಸಿಯಿರುವ ಗಾಜಿನ ಪಟ್ಟಿಯನ್ನು ಪರೀಕ್ಷೆಗೆ ಕಳಿಸುವಂತೆ ಕೇಳಿದ್ದಳು. ಕೈಜಾರಿ ಒಡೆಯಿತು ಎಂದುಬಿಡಬಹುದಿತ್ತು. ಆ ಯೋಚನೆ ಬಂದದ್ದಕ್ಕೇ ತನ್ನ ಮೇಲೆ ಹೇಸಿಗೆಯಾಗಿ ಇಲ್ಲಿಗೆ ಬಂದಿದ್ದ.

"ನಾಲ್ಕನೇ ಕಾಲಲ್ಲಿ ಗುಳಿ ಇದೆ, ಫ್ಯೋಕ್ಲಾ ಸವ್ವಿಚ್ನಾ. ಕೂದಲು ಮುರಿದದ್ದು ನಾನೇ. ಈಗ ಒಬ್ಬ ಸಂಶೋಧಕಿ ಆ ಗಾಜಿನ ಪಟ್ಟಿ ಕೇಳಿದ್ದಾಳೆ."

ಚಹಾಕ್ಕೆ ಹಾಲು ಬೆರೆಸುತ್ತಿದ್ದ ಅವರ ಕೈ ನಿಂತಿತು. "ಯಾವಾಗ ನೋಡ್ದೆ? ಚಿತ್ರ ಬರೆಯೋಕೆ ಮುಂಚೆನೋ, ಆಮೇಲೋ?"

"ಮುಂಚೆ."

"ನಾನು ಸಾಯ್ತೀನಿ ಅಂತಾನಾ?"

ಅವನು ಹೂಂಗುಟ್ಟಿದ.

"ಸಾಯದೇ ಇದ್ದು ನಿನಗೆ ತೊಂದ್ರೆ ಕೊಟ್ಟೆ ಅನ್ನು." ಇಬ್ಬರೂ ನಗಲಿಲ್ಲ. "ಅದನ್ನ ಇಳಿಸು."

ಅವನು ಚಿತ್ರವನ್ನು ಇಳಿಸಿದ. ಅವರು ಚೌಕಟ್ಟಿನಿಂದ ಕಾಗದ ಬಿಡಿಸಿ, ಪೆನ್ಸಿಲ್ ಕೊಟ್ಟರು. ನಾಲ್ಕನೇ ಕಾಲಿನ ಮೇಲೆ, ಗುಳಿಯಿದ್ದ ಜಾಗದಲ್ಲಿ, ಅವನು ಸಾಸಿವೆಗಿಂತ ಚಿಕ್ಕದೊಂದು ಸೊನ್ನೆ ಬರೆದ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಈಗ ಸರಿ. ಇದು ಎಲ್ಲರಿಗೂ ಗೊತ್ತಿರೋ ಹಳೇ ನುಸೀನೇ ಕಣೋ. ಆ ಕಡೆ ಎಲ್ಲಾ ಬಂಡೆ ಮೇಲೂ ಸಿಗುತ್ತೆ. ನಾಳೆನೇ ಬರೆದು ಕಳಿಸು ಅವಳಿಗೆ."

ಪೆನ್ಸಿಲ್ ಇಸಿದುಕೊಂಡು ತಮ್ಮ ಹೆಸರನ್ನು ಹೊಡೆದುಹಾಕಲು ಹೋದರು. ಪೆನ್ಸಿಲ್ ಕೆಳಕ್ಕೆ ಜಾರಿತು. ಹೆಸರಿಗೆ ಅಡಿಗೆರೆ ಎಳೆದಂತಾಯಿತು. ಆಮೇಲೆ ಕಾಗದವನ್ನು ಅವನತ್ತ ತಳ್ಳಿದರು.

"ನನ್ನ ಕೈಲಾಗಲ್ಲ. ನೀನೇ ಹೊಡೆದುಹಾಕು."