‘ಆಯ್ತು ಬಿಡಿ’ ಅನ್ನುವ ಮೊದಲು

ಬುಧವಾರ ಸಂಜೆ ಕುಣಿಗಲ್‌ನಿಂದ ಒಂದು ಬಾಂಡ್ ಪೇಪರ್ ಬಂತು. ಕೋಮಲಾ ಅದನ್ನು ಒಂದು ಸಲ ಓದಿದಳು. ಮಡಿಚಿ ಅಕ್ಕಿ ಡಬ್ಬದ ಕೆಳಗಿಟ್ಟಳು. ಆಮೇಲೆ ಅಕ್ಕಿ ತೆಗೆಯುವುದಕ್ಕೂ ಅವಳಿಗೆ ಹೆದರಿಕೆಯಾಯಿತು.

ಕೋಮಲಾಗೆ ಇಪ್ಪತ್ತೊಂಬತ್ತು ವರ್ಷ. ತುಮಕೂರಿನ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆ ಕೆಲಸ. ಗಂಡ ಅಶ್ವಥ್‌ಗೆ ಗುಬ್ಬಿಯಲ್ಲಿ ಪಂಪು, ಪೈಪಿನ ಅಂಗಡಿ. ಒಂಬತ್ತು ವರ್ಷದ ಸಂಸಾರದಲ್ಲಿ ಹೊಡೆತ ಇರಲಿಲ್ಲ, ಬೈಗುಳವೂ ಇರಲಿಲ್ಲ. ಮಾತು ನಿಂತುಹೋಗಿತ್ತು, ಅಷ್ಟೆ. ಬೇರೆಯಾಗೋಣ ಎಂದು ಇಬ್ಬರೂ ಒಪ್ಪಿ ಒಂದು ವರ್ಷ ಕಳೆದಿತ್ತು. ಅಂದಿನಿಂದ ಕೋಮಲಾ, ಏಳು ವರ್ಷದ ಮಗಳು ಮೋನಿಕಾ ಮರಳೂರಿನ ಬಾಡಿಗೆ ಮನೆಯಲ್ಲಿದ್ದರು. ಜೊತೆಗೆ ಕೋಮಲಾಳ ತಾಯಿ ಲಕ್ಷ್ಮೀದೇವಮ್ಮ.

ಪೇಪರಿನಲ್ಲಿ ಹೀಗಿತ್ತು: ‘ಒಂದೂವರೆ ಲಕ್ಷ ರೂಪಾಯಿ ಪಡೆದುಕೊಂಡಿರುತ್ತೇನೆ. ಇನ್ನು ಮುಂದೆ ನಾನಾಗಲಿ ನನ್ನ ಮಗಳಾಗಲಿ ಯಾವ ಹಕ್ಕನ್ನೂ ಕೇಳತಕ್ಕದ್ದಲ್ಲ. ಇಂದಿನಿಂದ ನಮ್ಮ ವಿವಾಹ ರದ್ದಾಗಿರುತ್ತದೆ.’ ಕೆಳಗೆ ಸಹಿಗೆ ಖಾಲಿ ಜಾಗ. ಭಾನುವಾರ ಕುಣಿಗಲ್‌ನಲ್ಲಿ ಕೋಮಲಾಳ ಸೋದರಮಾವ ಅಣ್ಣಯ್ಯಪ್ಪನ ಜಗುಲಿಯ ಮೇಲೆ ಹಿರಿಯರು ಕೂರುತ್ತಾರೆ. ಅಲ್ಲಿ ಅವಳು ಸಹಿ ಹಾಕಬೇಕು.

“ಹಾಕ್ಬುಡು ಕಣೇ,” ಎಂದರು ಲಕ್ಷ್ಮೀದೇವಮ್ಮ. “ಕೋರ್ಟು ಅಂದ್ರೆ ಲಾಯರಿಗೆ ಸುರೀಬೇಕು. ಎಲ್ಲಿಂದ ತರ್ತೀಯ? ದುಡ್ಡಿರೋರ್ಗೇ ಮಗು ಕೊಡ್ತಾರಂತೆ, ನಿಮ್ಮ ಅಣ್ಣಯ್ಯಪ್ಪ ಮಾವ ಹೇಳ್ತಿದ್ದ.”

ಆ ಮಾತು ಕೇಳಿದ ಮೇಲೆ ಕೋಮಲಾಗೆ ಊಟ ಸೇರಲಿಲ್ಲ. ಆ ರಾತ್ರಿ ಮೋನಿಕಾ ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೂ ಅವಳು ಎದ್ದು ನೋಡುತ್ತಿದ್ದಳು.

ಗುರುವಾರ ಊಟದ ಬಿಡುವಿನಲ್ಲಿ ಧೈರ್ಯ ಮಾಡಿ ಅಶ್ವಥ್‌ಗೆ ಫೋನ್ ಮಾಡಿದಳು.

“ರೀ, ಒಂದೂವರೆ ಲಕ್ಷ ಸಾಲಲ್ಲ. ಮಗು ಓದಿಗೆ ಬೇರೆ ಏನಾದ್ರೂ…”

ಅವನು ಉತ್ತರ ಕೊಡಲಿಲ್ಲ. ಫೋನನ್ನೂ ಇಡಲಿಲ್ಲ. ಅಂಗಡಿಯಲ್ಲಿ ಯಾರೋ ಪೈಪು ಕೊಯ್ಯುವ ಸದ್ದು ಕೇಳುತ್ತಿತ್ತು. ನಿಂತಿತು. ಮತ್ತೆ ಶುರುವಾಯಿತು. ಅವನು ಮೊದಲಿನಿಂದಲೂ ಹೀಗೆಯೇ. ಈ ಮೌನದೊಳಗೆ ಏನಿದೆ ಎಂದು ತಿಳಿಯದೆ ಅವಳು ಒಂಬತ್ತು ವರ್ಷ ಹೆದರಿದ್ದಳು.

“ಆಯ್ತು ಬಿಡಿ,” ಎಂದಳು.

ಅವಳ ಒಡವೆ ಅಡ ಇಟ್ಟು ಅಂಗಡಿಗೆ ಬಂಡವಾಳ ಹಾಕಿದ ದಿನವೂ ಅವಳು ಅಂದಿದ್ದು ಅದೇ ಎರಡು ಮಾತು.

ಶುಕ್ರವಾರ ಸ್ತ್ರೀಶಕ್ತಿ ಸಂಘದ ಸಭೆಗೆ ಕೋಮಲಾ ಹೋಗಲಿಲ್ಲ. ಯಾಕೆಂದು ನೋಡಲು ಹಿಂದಿನ ಬೀದಿಯ ತಿಪ್ಪಮ್ಮ ಬಂದರು. ಅವರು ಸಂಘದ ಹಿರಿಯ ಸದಸ್ಯೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸ್ವಯಂಸೇವಕಿ ಕೂಡ. ಪೇಪರ್ ಓದಿ ಸಹಿಯ ಖಾಲಿ ಜಾಗದ ಮೇಲೆ ಹೆಬ್ಬೆರಳಿಟ್ಟರು.

“ಏನಕ್ಕಾ? ಏನಾದ್ರೂ ಹೇಳಿ.”

“ಇಂಥದ್ದಕ್ಕೇ ಹದಿನೆಂಟು ವರ್ಷದ ಹಿಂದೆ, ಓದೋಕೆ ಬರದೇ ಇದ್ದಾಗ, ಹೆಬ್ಬೆಟ್ಟು ಒತ್ತಿದೀನಿ,” ಎಂದರು ತಿಪ್ಪಮ್ಮ. “ಇಪ್ಪತ್ತು ಸಾವಿರ ಕೊಟ್ರು. ಡೈವೋರ್ಸ್ ಆಯ್ತು ಅನ್ಕೊಂಡೆ. ಬಾಂಡ್ ಪೇಪರಲ್ಲಿ ಮದುವೆ ಮುರಿಯಲ್ಲ ಅಂತ ಎಷ್ಟೋ ವರ್ಷ ಆದ್ಮೇಲೆ ಗೊತ್ತಾಯ್ತು. ಅತ್ಲಾಗೆ ಹೆಂಡ್ತೀನೂ ಅಲ್ಲ, ಇತ್ಲಾಗೆ ಬಿಡುಗಡೆನೂ ಇಲ್ಲ. ನನ್ ಮಗ ಎಂಟನೇ ಕ್ಲಾಸಿಗೆ ಸ್ಕೂಲ್ ಬಿಟ್ಟ.”



“ಹಂಗಾದ್ರೆ ಹಿರೀಕರ ಮಾತಿಗೆ ಬೆಲೆ ಇಲ್ವಾ?” ಎಂದರು ಲಕ್ಷ್ಮೀದೇವಮ್ಮ.

“ಬೆಲೆ ಇದೆ ಕಣಮ್ಮ. ಆದ್ರೆ ಡೈವೋರ್ಸ್ ಕೊಡೋದು ಕೋರ್ಟು ಮಾತ್ರ. ಮಗೂಗೆ ಬರಬೇಕಾದ್ದನ್ನ ತಾಯಿ ಸೈನ್ ಮಾಡಿ ಬಿಟ್ಟುಕೊಡೋಕೂ ಆಗಲ್ಲ. ದುಡ್ಡಿರೋರ್ಗೆ ಮಗು ಅಂತ ಯಾವ ಕಾನೂನೂ ಇಲ್ಲ. ಮಗೂಗೆ ಎಲ್ಲಿ ಒಳ್ಳೇದು ಅಂತ ನೋಡ್ತಾರೆ.”

“ಲಾಯರ್ ಫೀಸು?”

“ಇಬ್ಬರೂ ಒಪ್ಪಿದ್ರೆ ಲಾಯರ್ ಇಟ್ಕೊಳ್ದೇನೇ ಮಾತಾಡ್ಕೋಬೌದು. ಕೋರ್ಟ್ ಆವರಣದಲ್ಲೇ ಆಫೀಸ್ ಇದೆ. ಅವರೇ ಅಶ್ವಥ್‌ಗೆ ಪತ್ರ ಕಳಿಸಿ ಕರೀತಾರೆ. ಮಧ್ಯಸ್ಥಿಕೆದಾರರು ಇಬ್ಬರನ್ನೂ ಕೂರಿಸ್ಕೊಂಡು ಮಾತಾಡಿಸ್ತಾರೆ. ಫೀಸ್ ಇಲ್ಲ. ಬರೆದ ಕಾಗದ ಸರಿಯಿದ್ಯಾ ಅಂತಾನೂ ಬಿಟ್ಟಿ ನೋಡ್ಕೊಡ್ತಾರೆ.”

ಆದರೆ ಕೋಮಲಾಳ ಹೆದರಿಕೆ ಬೇರೆಯೇ ಇತ್ತು. ತಲೆ ತಗ್ಗಿಸಿ ಹೇಳಿದಳು: “ಅವರು ಸುಮ್ನಾದ್ರೆ ನಂಗೆ ಆಗಲ್ಲ ಅಕ್ಕ.”

“ಸರಿ, ನಾನೇ ಅಶ್ವಥ್. ಕೇಳು.” ತಿಪ್ಪಮ್ಮ ಸೆರಗು ಸರಿಮಾಡಿಕೊಂಡು ಗೋಡೆ ನೋಡುತ್ತಾ ಕೂತರು.

ಕೋಮಲಾ ಕೇಳಿದಳು. ತಿಪ್ಪಮ್ಮ ತುಟಿ ಬಿಚ್ಚಲಿಲ್ಲ. ಬಾಗಿಲಾಚೆ ನಲ್ಲಿಯ ಕೆಳಗೆ ಬಿಂದಿಗೆ ತುಂಬುತ್ತಿತ್ತು. ಅದು ಅರ್ಧ ಆಗುವ ಮೊದಲೇ ಕೋಮಲಾ “ಆಯ್ತು ಬಿಡಿ,” ಅಂದೇಬಿಟ್ಟಳು.

“ಥೂ ಇವ್ಳ! ಸುಳ್ಳು ಗಂಡನಿಗೇ ಸೋತ್ಲಲ್ಲ!” ಎಂದರು ಲಕ್ಷ್ಮೀದೇವಮ್ಮ. ಮೂವರೂ ನಕ್ಕರು. ನಗು ಬೇಗ ನಿಂತಿತು.

“ಕೇಳೋದನ್ನ ಮೊದ್ಲು ಬರ್ಕೋ,” ಎಂದರು ತಿಪ್ಪಮ್ಮ. “ನಿಂದು ಏನೇನಿದೆ, ಮಗೂಗೆ ತಿಂಗಳಿಗೆ ಏನು ಬೇಕು, ಅವನ ಸಂಪಾದನೆ ಎಷ್ಟು. ಎಷ್ಟಕ್ಕಿಂತ ಕಮ್ಮಿಗೆ ಒಪ್ಪಲ್ಲ ಅಂತಾನೂ ನಿನ್ನ ಮನಸ್ಸಲ್ಲಿರಲಿ. ಹೇಳಿ ಮುಗಿಸಿ ಬಾಯ್ ಮುಚ್ಕೊಂಡಿರು. ಅವನು ಸುಮ್ನಿದ್ರೆ ನೀನು ಮಾತಾಡ್ಬೇಕು ಅಂತ ಎಲ್ಲೂ ಬರ್ದಿಲ್ಲ.”

ಕೋಮಲಾ ಬರೆಯಲು ಕೂತಳು. ಒಡವೆ ಎಷ್ಟಿತ್ತು ಎನ್ನುವಲ್ಲಿ ಪೆನ್ನು ನಿಂತಿತು. ಆಗ ಲಕ್ಷ್ಮೀದೇವಮ್ಮ ಎದ್ದು ಟ್ರಂಕಿನಿಂದ ಒಂದು ಹಳೆಯ ನೋಟ್‌ಬುಕ್ ತಂದರು. ಅದು ಮದುವೆಯ ಮುಯ್ಯಿ ಪುಸ್ತಕ. ಯಾರು ಏನು ಉಡುಗೊರೆ ಕೊಟ್ಟರು ಎಂದು ಬರೆದಿಟ್ಟದ್ದು. ಅವರ ಮನೆಯ ಮದುವೆಗೆ ವಾಪಸ್ ಮಾಡಬೇಕಲ್ಲ. ಕೊನೆಯ ಪುಟದಲ್ಲಿ ತವರಿನವರು ಹಾಕಿದ್ದೂ ಇತ್ತು: ಎರಡೆಳೆ ಸರ, ನಾಲ್ಕು ಬಳೆ, ಓಲೆ, ತೂಕದ ಸಮೇತ.

“ಇನ್ನೊಬ್ರ ಮುಯ್ಯಿ ತೀರ್ಸಕ್ಕೆ ಇದನ್ನ ಕಾಪಾಡ್ಕೊಂಡು ಬಂದೆ,” ಎಂದರು. “ನಿನ್ನ ಪಾಲಿಗೂ ಆಗುತ್ತೆ ಅಂತ ಹೊಳೀಲಿಲ್ಲ.”

“ತವರಿನ ಒಡವೆ, ಉಡುಗೊರೆ ಸ್ತ್ರೀಧನ,” ಎಂದರು ತಿಪ್ಪಮ್ಮ. “ಅವಳ್ದೇ. ಮದುವೆ ಫೋಟೋ, ಅಡ ಇಟ್ಟ ಚೀಟಿನೂ ಜೊತೇಲಿಟ್ಕೊಳ್ಳಿ.”

ಶನಿವಾರ ಅಣ್ಣಯ್ಯಪ್ಪನ ಫೋನ್ ಬಂತು. “ನಾಳೆ ಹತ್ತಕ್ಕೆಲ್ಲ ಬಂದ್ಬುಡಿ. ಮಾತು ಕೊಟ್ಟಾಗದೆ.”

ಕೋಮಲಾ ಫೋನನ್ನು ಕಿವಿಯಿಂದ ತೆಗೆದು ತಾಯಿಯ ಕಡೆ ನೋಡಿದಳು. ಲಕ್ಷ್ಮೀದೇವಮ್ಮನೇ ಫೋನ್ ತೆಗೆದುಕೊಂಡರು. “ಅಣ್ಣ, ಮಾತು ನೀನು ಕೊಟ್ಟಿದ್ದು. ಸೈನ್ ಅವಳ್ದು. ಅವಳು ಬರಲ್ಲ.” 

ಕೋಮಲಾ ತಿಪ್ಪಮ್ಮನ ಜೊತೆ ಕಾನೂನು ಸೇವಾ ಆಫೀಸಿಗೆ ಹೋಗಿ ಹೇಳಿಕೊಂಡಳು, ಅಲ್ಲಿಂದ ಅಶ್ವಥ್‌ಗೆ ಪತ್ರ ಹೋಯಿತು. ಮೂರು ವಾರದ ನಂತರ ಕೋರ್ಟ್ ಆವರಣದ ಒಂದು ಸಣ್ಣ ಕೋಣೆ. ಒಂದು ಮೇಜು, ನಾಲ್ಕು ಕುರ್ಚಿ. ಅಶ್ವಥ್ ಒಬ್ಬನೇ ಬಂದಿದ್ದ. ಮಧ್ಯಸ್ಥಿಕೆದಾರರಾಗಿದ್ದ ಮೇಡಂ, “ಹೇಳಮ್ಮ,” ಎಂದರು.

ಕೋಮಲಾ ತಾನು ಬರೆದುಕೊಂಡಿದ್ದ ಚೀಟಿ ನೋಡಿ ಓದಿದಳು. “ನನ್ನ ಒಡವೆ ವಾಪಸ್ ಬೇಕು. ಮೋನಿಕಾಗೆ ತಿಂಗಳಿಗೆ ಆರು ಸಾವಿರ, ವರ್ಷ ವರ್ಷ ಸ್ವಲ್ಪ ಜಾಸ್ತಿ. ಸ್ಕೂಲ್ ಫೀಸಲ್ಲಿ ಅರ್ಧ. ನಂಗೆ ನಾಲ್ಕು ಲಕ್ಷ. ಮಗೂನ ಭಾನುವಾರ ನೀವು ಕರ್ಕೊಂಡು ಹೋಗ್ಬೌದು.”

ಅಶ್ವಥ್ ಸುಮ್ಮನಾದ.

ಅದೇ ಮೌನ. ಫ್ಯಾನು ತಿರುಗುತ್ತಿತ್ತು. ಹೊರಗೆ ಯಾರದೋ ಹೆಸರು ಕೂಗಿದರು.  ಆ ಎರಡು ಮಾತು ಕೋಮಲಾಳ ನಾಲಿಗೆಯ ತುದಿಗೆ ಬಂದು ನಿಂತವು. ಅವು ಹೊರಬಿದ್ದರೆ ಹೋಗುವುದು ತನ್ನ ಪಾಲು ಮಾತ್ರವಲ್ಲ, ಮೋನಿಕಾಳ ಓದು ಕೂಡ. ಹಲ್ಲು ಕಚ್ಚಿ ಮನಸ್ಸಿನಲ್ಲೇ ಬಿಂದಿಗೆ ತುಂಬಿಸಿದಳು. ಅರ್ಧ. ಮುಕ್ಕಾಲು. ಕಂಠದವರೆಗೆ.

ಬಿಂದಿಗೆ ತುಂಬಿ ಚೆಲ್ಲಿತು. ಅವಳು ಮಾತಾಡಲಿಲ್ಲ.

“ನಾಲ್ಕು ಆಗಲ್ಲ,” ಎಂದ ಅಶ್ವಥ್, ಕೊನೆಗೆ. ಧ್ವನಿ ಒಣಗಿತ್ತು. “ಮೂರು ಕೊಡ್ತೀನಿ. ಒಡವೆ ಬಿಡಿಸ್ಕೊಡ್ತೀನಿ. ಮಗೂದು… ಅದನ್ನೂ ಕೊಡ್ತೀನಿ.” ಮತ್ತೆ ತಡೆದು ಹೇಳಿದ: “ನೀನು ಕೇಸ್ ಹಾಕಿ ಅಂಗಡಿ ಮುಚ್ಚುಸ್ತೀಯ ಅಂದ್ರು. ಹೆದರ್ಕೊಂಡಿದ್ದೆ.”

ಕೋಮಲಾ ಮೊದಲ ಸಲ ಅವನ ಮುಖ ನೋಡಿದಳು. ಇಷ್ಟು ವರ್ಷ ಆ ಮೌನದೊಳಗೆ ಇದ್ದದ್ದೂ ಒಂದು ಹೆದರಿಕೆಯೇ ಇರಬಹುದು. ಅವಳಿಗೆ ಗೊತ್ತಿಲ್ಲ. ಮೂರಕ್ಕಿಂತ ಕಡಿಮೆಗೆ ಒಪ್ಪಬಾರದು ಎಂದು ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದಳು. ಒಪ್ಪಿದಳು.

ಎಲ್ಲವನ್ನೂ ಬರೆದರು. ಡೈವೋರ್ಸ್ ಅರ್ಜಿ ಹಾಕುವ ದಿನ ಒಡವೆ ಮತ್ತು ಅರ್ಧ ಹಣ, ಉಳಿದರ್ಧ ಕೋರ್ಟಿನಲ್ಲಿ ಇಬ್ಬರೂ ಕೊನೆಯ ಹೇಳಿಕೆ ಕೊಡುವ ಮೊದಲು. ತಿಂಗಳುಗಳು ಕಳೆದವು. ಆ ಕೊನೆಯ ಬೆಳಿಗ್ಗೆ ಉಳಿದ ಹಣ ಜಮೆಯಾಯಿತು ಎಂಬ ಬ್ಯಾಂಕಿನ ಮೆಸೇಜ್ ಬರುವವರೆಗೂ ಕೋಮಲಾ ಕೋರ್ಟಿನ ಮೆಟ್ಟಿಲ ಬಳಿಯೇ ನಿಂತಿದ್ದಳು. ಬಂದ ಮೇಲೆ ಒಳಗೆ ಹೋಗಿ ಹೇಳಿಕೆ ಕೊಟ್ಟಳು.

ಆ ಬಾಂಡ್ ಪೇಪರ್ ಈಗಲೂ ಮುಯ್ಯಿ ಪುಸ್ತಕದೊಳಗಿದೆ. ಸಹಿಯ ಜಾಗ ಖಾಲಿಯಿದೆ.

ಓದುತ್ತಿರುವ ಅಕ್ಕ, ತಂಗಿ, ಅಣ್ಣ, ನಿಮ್ಮ ಮುಂದೆಯೂ ಇಂಥ ಕಾಗದ ಬಂದರೆ ಆ ದಿನವೇ ಸಹಿ ಹಾಕಬೇಡಿ. ನಿಮ್ಮ ತಾಲ್ಲೂಕಿನ ಕೋರ್ಟಿನಲ್ಲೂ ಕಾನೂನು ಸೇವಾ ಸಮಿತಿ ಇದೆ. 15100ಕ್ಕೆ ಫೋನ್ ಮಾಡಿ ಕೇಳಿ, ಕಾಸು ಕೊಡಬೇಕಿಲ್ಲ. ಹೊಡೆತ, ಬೆದರಿಕೆ ಇರುವ ಮನೆಯಾದರೆ ಒಬ್ಬರೇ ಮಾತುಕತೆಗೆ ಕೂರಬೇಡಿ. ಮೊದಲು 181ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಇಬ್ಬರೂ ಕೂತು ಮಾತಾಡುವಂತಿದ್ದರೆ, ಬೇಕಾದ್ದನ್ನು ಬರೆದುಕೊಂಡು ಹೋಗಿ. ಹೆದರಿಕೆ ಜೊತೆಯಲ್ಲೇ ಬರುತ್ತದೆ, ಬರಲಿ. ಕೇಳಬೇಕಾದ್ದನ್ನು ಕೇಳಿ, ಬಿಂದಿಗೆ ತುಂಬುವವರೆಗೆ ಕಾಯಿರಿ.